ರೀಟೇಕ್ ಮಾಡಿದರೆ ಹಳೇ ಗ್ರೇಡ್ ಅಳಿಸಿ ಹೋಗುತ್ತಾ? ಅಮೆರಿಕದ ಮೆಡಿಕಲ್ ಸೀಟಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು ಅಲ್ಲಲ್ಲಿ ತಿದ್ದಲಾಗಿದೆ.)

ಈ ವಾರ ನೇರವಾಗಿ ಒಂದು ವಾಯ್ಸ್ ನೋಟ್‌ನಿಂದಲೇ ಶುರು ಮಾಡೋಣ. ಅಮೆರಿಕದ ನ್ಯೂಜೆರ್ಸಿಯಿಂದ ನಮ್ಮ ಕೇಳುಗರೊಬ್ಬರು ಕಳಿಸಿದ್ದು. ಕಾಲೇಜಿನಲ್ಲಿ ಎರಡನೇ ವರ್ಷ ಓದ್ತಿರೋ ಹುಡುಗಿ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ.

“ಹಾಯ್, ನಂಗೆ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಮೈನಸ್ ಬಂದಿದೆ. ನಾನು ಪ್ರಿ-ಮೆಡ್. ಅಪ್ಪ ಅಮ್ಮಂಗೆ ಇನ್ನೂ ಹೇಳಿಲ್ಲ. ದಾವಣಗೆರೆಯಲ್ಲಿರೋ ದೊಡ್ಡಪ್ಪಂಗೆ ಮಾತ್ರ ಹೇಳಿದೆ. ಅವರು ‘ಅಷ್ಟೇನಾ? ಇನ್ನೊಂದ್ಸಲ ಕಟ್ಟಮ್ಮ, ಹಳೇದನ್ನ ಯಾರೂ ನೋಡಲ್ಲ’ ಅಂದ್ರು. ನಮ್ಮ ಕಾಲೇಜಿನ ರೂಲ್ಸ್‌ನಲ್ಲೂ ರೀಟೇಕ್ ಮಾಡಿದ್ರೆ ಹೊಸ ಗ್ರೇಡ್ ಹಳೇದರ ಜಾಗಕ್ಕೆ ಬರುತ್ತೆ ಅಂತಾನೇ ಇದೆ. ಬೇಸಿಗೆ ಕ್ಲಾಸಿಗೆ ದುಡ್ಡು ಕಟ್ಟಬೇಕು. ಕಟ್ಲಾ? ಮೆಡಿಕಲ್ ಕಾಲೇಜ್‌ನೋರು ಆ ಸಿ ಮೈನಸ್ ನೋಡ್ತಾರಾ?”

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ: ನೋಡ್ತಾರೆ. ನೋಡೋದಷ್ಟೇ ಅಲ್ಲ, ಲೆಕ್ಕಕ್ಕೂ ತಗೋತಾರೆ. ಹಾಗಂತ ದುಡ್ಡು ಕಟ್ಟೋದು ದಂಡ ಅಂತ ಅರ್ಥ ಅಲ್ಲ. ಅದಕ್ಕೇ ಇಡೀ ಸಂಚಿಕೆ ಬೇಕಾಗಿದ್ದು.

ದೊಡ್ಡಪ್ಪ ಸುಳ್ಳು ಹೇಳಿಲ್ಲ. ಅವರು ನಮ್ಮೂರಿನ ಲೆಕ್ಕ ಹೇಳಿದ್ದಾರೆ. ಇಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು ಎಂಬಿಬಿಎಸ್‌ಗೆ ಹೋಗ್ತೀವಿ. ನೀಟ್‌ನಲ್ಲಿ 720ಕ್ಕೆ ಈ ವರ್ಷ 430 ಬಂತು ಅಂದ್ಕೊಳ್ಳಿ. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿ, ಮುಂದಿನ ವರ್ಷ 610 ತಗೊಂಡ್ರಿ. ಕೌನ್ಸೆಲಿಂಗ್‌ನಲ್ಲಿ ಆ 430 ಎಲ್ಲೂ ಬರಲ್ಲ. ಅದನ್ನ ಮದುವೆ ಮನೆಯಲ್ಲಿ ನೆಂಟರು ಕೇಳಬಹುದು, ಕಾಲೇಜು ಕೇಳಲ್ಲ. ನಮ್ಮ ಪಿಯುಸಿ ಬೋರ್ಡ್ ಕೂಡ 2024ರಲ್ಲಿ ಪರೀಕ್ಷೆ 1, 2, 3 ಅಂತ ತಂದಾಗ ಇದೇ ತತ್ವ ಇಟ್ಟುಕೊಂಡಿತು: ಯಾವುದರಲ್ಲಿ ಹೆಚ್ಚು ಬಂತೋ ಅದನ್ನ ಇಟ್ಕೊಳ್ಳಿ. ನಮ್ಮ ವ್ಯವಸ್ಥೆಯಲ್ಲಿ ಎರಡನೇ ಪ್ರಯತ್ನ ಅಂದ್ರೆ ಸ್ಲೇಟು ಒರೆಸಿ ಮತ್ತೆ ಬರೆಯೋದು.

ಅಮೆರಿಕದಲ್ಲಿ ಸ್ಲೇಟು ಒರೆಸಲ್ಲ. ಹಳೇದರ ಕೆಳಗೇ ಹೊಸದನ್ನ ಬರೀತಾರೆ.

ಅಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಕಾಲೇಜು. ಡಿಗ್ರಿ ಯಾವ ವಿಷಯದಲ್ಲಾದರೂ ಇರಲಿ, ಇತಿಹಾಸ ಓದಿದವರೂ ಡಾಕ್ಟರ್ ಆಗ್ತಾರೆ. ಆದರೆ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿ ಇಂಥ ಕೆಲವು ಕೋರ್ಸ್‌ಗಳನ್ನ ಬಹುತೇಕ ಕಾಲೇಜುಗಳು ಕೇಳ್ತವೆ. ಈ ಕೋರ್ಸ್‌ಗಳನ್ನ ಮಾಡ್ತಾ ಮೆಡಿಕಲ್‌ಗೆ ತಯಾರಾಗೋರನ್ನೇ ಪ್ರಿ-ಮೆಡ್ ಅನ್ನೋದು. ಜೊತೆಗೆ ಎಂಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು. 472ರಿಂದ 528ರವರೆಗೆ ಅದರ ಅಂಕ.

ಎಂ.ಡಿ. ಡಿಗ್ರಿ ಕೊಡೋ ಕಾಲೇಜುಗಳೇ ಅಲ್ಲಿ 150ಕ್ಕಿಂತ ಜಾಸ್ತಿ ಇವೆ. (ನಮ್ಮಲ್ಲಿ ಎಂ.ಡಿ. ಅಂದ್ರೆ ಎಂಬಿಬಿಎಸ್ ಆದ ಮೇಲಿನ ಓದು, ಅಲ್ಲಿ ಡಾಕ್ಟರ್ ಆಗೋ ಮೊದಲ ಡಿಗ್ರಿನೇ ಎಂ.ಡಿ.) ಇವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಅರ್ಜಿ ವ್ಯವಸ್ಥೆ, ಹೆಸರು ಆಮ್‌ಕ್ಯಾಸ್. ನಡೆಸೋದು ಎಎಎಂಸಿ ಅನ್ನೋ ಸಂಸ್ಥೆ, ಅಂದ್ರೆ ಅಲ್ಲಿನ ಮೆಡಿಕಲ್ ಕಾಲೇಜುಗಳ ಒಕ್ಕೂಟ.

ನೀವು ಓದಿದ ಪ್ರತಿಯೊಂದು ಅಮೆರಿಕನ್ ಕಾಲೇಜಿನಿಂದ ಆಮ್‌ಕ್ಯಾಸ್‌ಗೆ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು. ಬೇಸಿಗೆಯಲ್ಲಿ ಪಕ್ಕದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೇ ಕ್ಲಾಸ್ ಮಾಡಿದ್ರೂ ಸರಿ. ತೆಗೆದುಕೊಂಡ ಪ್ರತಿ ಕೋರ್ಸನ್ನೂ ನೀವೇ ಅರ್ಜಿಯಲ್ಲಿ ತುಂಬಬೇಕು: ಪಾಸಾದದ್ದು, ಫೇಲಾದದ್ದು, ಮತ್ತೆ ತಗೊಂಡದ್ದು, ಅರ್ಧಕ್ಕೆ ಬಿಟ್ಟದ್ದು, ಎಲ್ಲ. ಅರ್ಧಕ್ಕೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಡಬ್ಲ್ಯೂ’ ಅಂತ ಬೀಳುತ್ತೆ. ಅದು ಜಿಪಿಎ ಲೆಕ್ಕಕ್ಕೆ ಸೇರಲ್ಲ, ಕಣ್ಣಿಗೆ ಮಾತ್ರ ಕಾಣುತ್ತೆ. ಆಮ್‌ಕ್ಯಾಸ್‌ನವರು ನೀವು ತುಂಬಿದ್ದನ್ನ ಟ್ರಾನ್ಸ್‌ಕ್ರಿಪ್ಟ್ ಜೊತೆ ಇಟ್ಟು ತಾಳೆ ನೋಡ್ತಾರೆ. ‘ಹಳೇ ಸಿ ಮೈನಸ್ ತುಂಬದೇ ಬಿಟ್ರೆ ಏನಾಗುತ್ತೆ’ ಅಂತ ಯೋಚಿಸಬೇಡಿ. ಗ್ರೇಡ್ ಕಡಿಮೆ ಇರೋದು ಒಂದು ವಿಷಯ, ಮುಚ್ಚಿಟ್ಟ ಅನ್ನಿಸಿಕೊಳ್ಳೋದು ಅದಕ್ಕಿಂತ ಬಹಳ ದೊಡ್ಡ ವಿಷಯ.

ತಾಳೆ ನೋಡಿದ ಮೇಲೆ ಜಿಪಿಎಯನ್ನ ಅವರೇ ಹೊಸದಾಗಿ ಲೆಕ್ಕ ಹಾಕ್ತಾರೆ. ನಿಮ್ಮ ಕಾಲೇಜು ಹಾಕಿದ ಲೆಕ್ಕ ಅಲ್ಲಿ ನಡೆಯಲ್ಲ. ಎ ಅಂದ್ರೆ 4, ಬಿ ಅಂದ್ರೆ 3, ಸಿ ಅಂದ್ರೆ 2, ಡಿ ಅಂದ್ರೆ 1, ಎಫ್ ಅಂದ್ರೆ ಸೊನ್ನೆ. ಸಿ ಮೈನಸ್ ಅಂದ್ರೆ 1.7. ಒಂದು ಕೋರ್ಸನ್ನ ಎರಡು ಸಲ ತಗೊಂಡಿದ್ದರೆ ಎರಡೂ ಸೇರ್ತವೆ. ನಿಮ್ಮ ಕಾಲೇಜು ಹಳೇದನ್ನ ತೆಗೆದುಹಾಕಿದ್ದರೂ ಸೇರ್ತವೆ.

ಈಗ ನಮ್ಮ ಹುಡುಗಿಯ ಲೆಕ್ಕ ಹಾಕೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡಿದ್ದು. ಎರಡು ವರ್ಷಕ್ಕೆ 60 ಕ್ರೆಡಿಟ್ ಆಗಿದೆ, ಜಿಪಿಎ 3.3 ಇದೆ ಅಂದ್ಕೊಳ್ಳಿ. ಅಂದ್ರೆ ಒಟ್ಟು 198 ಪಾಯಿಂಟ್. ಆರ್ಗ್ಯಾನಿಕ್ 4 ಕ್ರೆಡಿಟ್‌ನದ್ದು. ಬೇಸಿಗೆಯಲ್ಲಿ ಮತ್ತೆ ತಗೊಂಡು ಎ ತಂದರು, 16 ಪಾಯಿಂಟ್ ಬಂತು. ಅವರ ಕಾಲೇಜಿನ ಲೆಕ್ಕದಲ್ಲಿ ಹಳೇ 6.8 ಪಾಯಿಂಟ್ ಹೋಗಿ ಆ ಜಾಗಕ್ಕೆ 16 ಬರುತ್ತೆ, ಜಿಪಿಎ 3.45 ಆಗುತ್ತೆ. ಪರವಾಗಿಲ್ಲ, ಒಳ್ಳೇ ಜಿಗಿತ. ಆಮ್‌ಕ್ಯಾಸ್‌ನಲ್ಲಿ ಏನೂ ಹೋಗಲ್ಲ. 64 ಕ್ರೆಡಿಟ್‌ಗೆ 214 ಪಾಯಿಂಟ್, 3.34.

ಮನೆಯ ಕಂಪ್ಯೂಟರ್‌ನಲ್ಲಿ 3.45 ಕಾಣ್ತಾ ಇರುತ್ತೆ, ಅರ್ಜಿಯಲ್ಲಿ 3.34 ಬಂದು ಕೂರುತ್ತೆ. ಎಷ್ಟೋ ಮಂದಿಗೆ ಈ ವ್ಯತ್ಯಾಸ ಗೊತ್ತಾಗೋದೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ತಾಳೆ ಮುಗಿದ ಮೇಲೆ. ಶುಲ್ಕ ಕಡಿಮೆಯದ್ದೇನೂ ಅಲ್ಲ. ಮೊದಲ ಕಾಲೇಜಿಗೆ ಸುಮಾರು 175 ಡಾಲರ್, ಆಮೇಲಿನ ಒಂದೊಂದಕ್ಕೂ 45 ಡಾಲರ್ ಮೇಲೆ. ಜನ ಹದಿನೈದು ಇಪ್ಪತ್ತು ಕಾಲೇಜಿಗೆ ಹಾಕ್ತಾರೆ.

ಇನ್ನೂ ಸ್ವಲ್ಪ ಮುಂದಕ್ಕೆ ಹೋಗೋಣ. ಮೂರು ಮತ್ತು ನಾಲ್ಕನೇ ವರ್ಷದಲ್ಲಿ ಇನ್ನೂ 60 ಕ್ರೆಡಿಟ್ ಮಾಡಿದರು, ಒಂದೂ ಬಿಡದೆ ಎಲ್ಲದರಲ್ಲೂ ಎ. ಆಗ ಎಷ್ಟಾಗುತ್ತೆ ಗೊತ್ತಾ? 3.66. ಎರಡು ವರ್ಷ ತಪ್ಪೇ ಮಾಡದೆ ಓದಿದರೂ ಅಷ್ಟೇ. ಎಂ.ಡಿ. ಕಾಲೇಜು ಸೇರೋರ ಸರಾಸರಿ ಜಿಪಿಎ ಈಚಿನ ವರ್ಷಗಳಲ್ಲಿ 3.8ರ ಹತ್ತಿರ ಇದೆ, ಎಂಕ್ಯಾಟ್ ಸರಾಸರಿ 511-512. ಜಿಪಿಎ ಅನ್ನೋದು ಎತ್ತಿನ ಗಾಡಿ ಇದ್ದ ಹಾಗೆ, ತಿರುಗಿಸೋಕೆ ಜಾಗ ಬೇಕು, ಹೊತ್ತು ಬೇಕು. ಅದಕ್ಕೇ ಮೊದಲ ವರ್ಷದಲ್ಲಿರೋ ಕೇಳುಗರಿಗೆ ನಾನು ಹೇಳೋದು, ಕ್ಲಾಸ್ ಕೈಕೊಡ್ತಿದೆ ಅನ್ನಿಸಿದರೆ ಕೊನೇ ದಿನಾಂಕದ ಒಳಗೆ ಬಿಟ್ಟುಬಿಡಿ. ಒಂದು ಡಬ್ಲ್ಯೂಗಿಂತ ಒಂದು ಡಿ ದುಬಾರಿ. ಹತ್ತು ಡಬ್ಲ್ಯೂ ಇದ್ದರೆ ಮಾತು ಬೇರೆ, ಆಗ ಇವರು ಹಿಡಿದ ಕೆಲಸ ಮುಗಿಸ್ತಾರಾ ಅನ್ನೋ ಅನುಮಾನ ಬರುತ್ತೆ.

ಹಾಗಾದರೆ ‘ರೀಟೇಕ್ ಮಾಡಿ, ಹಳೇದು ಹೋಗುತ್ತೆ’ ಅನ್ನೋ ಮಾತು ಅಮೆರಿಕದಲ್ಲೇ ಯಾಕೆ ಅಷ್ಟೊಂದು ಓಡಾಡ್ತಿದೆ? ಅದಕ್ಕೂ ಕಾರಣ ಇದೆ. ಅಲ್ಲಿ ಎಂ.ಡಿ. ಬಿಟ್ಟು ಡಿ.ಓ. ಅಂತ ಇನ್ನೊಂದು ಡಿಗ್ರಿ ಇದೆ, ಆಸ್ಟಿಯೋಪಥಿಕ್ ಮೆಡಿಸಿನ್. ನಮ್ಮ ಕಡೆ ಎಷ್ಟೋ ಜನ ಇದನ್ನ ಹೋಮಿಯೋಪತಿ ಥರ ಏನೋ ಅಂದ್ಕೋತಾರೆ. ಅಲ್ಲ. ಅಮೆರಿಕದಲ್ಲಿ ಡಿ.ಓ. ಮಾಡಿದವರು ಪೂರ್ಣ ಪ್ರಮಾಣದ ಡಾಕ್ಟರೇ, ಆಪರೇಷನ್ ಮಾಡಬಹುದು, ಔಷಧಿ ಬರೆಯಬಹುದು. ಆ ಕಾಲೇಜುಗಳ ಅರ್ಜಿ ವ್ಯವಸ್ಥೆಯಲ್ಲಿ ಹಿಂದೆ ರೀಟೇಕ್ ಮಾಡಿದ ಗ್ರೇಡ್ ಮಾತ್ರ ಲೆಕ್ಕಕ್ಕೆ ಬರ್ತಿತ್ತು. ಎಫ್ ಇದ್ದವರು ಮತ್ತೆ ಓದಿ ಎ ತಂದರೆ ಎ ಮಾತ್ರ. ಎಷ್ಟೋ ಜನ ಎರಡು ವರ್ಷ ಕೂತು ಹಳೇ ಕೋರ್ಸ್‌ಗಳನ್ನೆಲ್ಲ ಮತ್ತೆ ಮಾಡಿ ಆ ದಾರಿಯಲ್ಲಿ ಡಾಕ್ಟರ್ ಆದರು. 2017ರ ಮೇ ತಿಂಗಳಿಂದ ಆ ನಿಯಮ ಹೋಯಿತು. ಈಗ ಅಲ್ಲೂ ಎಲ್ಲ ಪ್ರಯತ್ನಗಳೂ ಲೆಕ್ಕಕ್ಕೆ ಬರ್ತವೆ. ನಿಯಮ ಹೋದರೂ ಸಲಹೆ ಹೋಗಿಲ್ಲ. 2014ರಲ್ಲಿ ಸೀಟು ಸಿಕ್ಕ ಸೀನಿಯರ್ ಹೇಳೋದು ಅವರ ಕಾಲಕ್ಕೆ ನಿಜ. ನಿಮಗೆ ಸಲಹೆ ಕೊಡೋರು ಯಾವ ವರ್ಷ ಅರ್ಜಿ ಹಾಕಿದ್ದರು ಅಂತ ಮೊದಲು ಕೇಳಿ.

ನಿಜವಾಗಿಯೂ ಸ್ಲೇಟು ಒರೆಸೋ ಅವಕಾಶ ಇರೋದು ಒಂದು ಕಡೆ, ಟೆಕ್ಸಾಸ್‌ನಲ್ಲಿ. ‘ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್’ ಅಂತ ಅಲ್ಲಿ ಕಾನೂನೇ ಇದೆ. ಆ ರಾಜ್ಯದ ನಿವಾಸಿಗಳು ಅಲ್ಲಿನ ಸರ್ಕಾರಿ ಕಾಲೇಜುಗಳಿಗೆ ಅರ್ಜಿ ಹಾಕುವಾಗ, ಹತ್ತು ವರ್ಷ ಅಥವಾ ಅದಕ್ಕಿಂತ ಹಿಂದಿನ ಕೋರ್ಸ್‌ಗಳನ್ನ ಪರಿಗಣಿಸಬೇಡಿ ಅಂತ ಕೇಳಬಹುದು. ಆದರೆ ಕೆಟ್ಟದ್ದನ್ನ ಬಿಟ್ಟು ಒಳ್ಳೇದನ್ನ ಇಟ್ಕೊಳ್ಳೋ ಹಾಗಿಲ್ಲ. ಹಳೇ ಎಫ್ ಜೊತೆ ಹಳೇ ಎ ಕೂಡ ಹೋಗುತ್ತೆ, ಆ ಕೋರ್ಸ್‌ಗಳನ್ನೆಲ್ಲ ಮತ್ತೆ ಮಾಡಬೇಕು. ಹತ್ತೊಂಬತ್ತರ ವಯಸ್ಸಿನಲ್ಲಿ ಎಡವಿ ಮೂವತ್ತೆರಡಕ್ಕೆ ವಾಪಸ್ ಬರೋರಿಗೆ ಇದು ವರ. ನಮ್ಮ ಹುಡುಗಿಗೆ ಇದರಿಂದ ಏನೂ ಇಲ್ಲ.

ಸರಿ, ಹಾಗಾದರೆ ಬೇಸಿಗೆ ಕ್ಲಾಸಿಗೆ ಕಟ್ಟಬೇಕಾ ಬೇಡವಾ?

ಇವರ ವಿಷಯದಲ್ಲಿ, ಕಟ್ಟಿ. ಕಾರಣ ಜಿಪಿಎ ಅಲ್ಲ. ಕಡ್ಡಾಯ ಕೋರ್ಸ್‌ಗಳಲ್ಲಿ ಕನಿಷ್ಠ ಸಿ ಇರಬೇಕು ಅಂತ ಬಹಳಷ್ಟು ಮೆಡಿಕಲ್ ಕಾಲೇಜುಗಳು ಕೇಳ್ತವೆ. ಸಿ ಮೈನಸ್ ಅಂದ್ರೆ ಹೊಸ್ತಿಲ ಆಚೆಗೇ ನಿಂತ ಹಾಗೆ. ಡಿ, ಎಫ್ ಬಂದವರಿಗೂ ಇದೇ ಮಾತು. ರೀಟೇಕ್ ಮಾಡಿದರೆ ಹೊಸ್ತಿಲು ದಾಟ್ತೀರಿ, ಅಷ್ಟು ಲಾಭ ಸಾಕು. ಇನ್ನೊಂದು ಕಾರಣ: ಆರ್ಗ್ಯಾನಿಕ್ ಅರ್ಥ ಆಗದೆ ಬಯೋಕೆಮಿಸ್ಟ್ರಿಗೆ ಹೋದರೆ ಅಲ್ಲೂ ಒದ್ದಾಟ, ಎಂಕ್ಯಾಟ್‌ನಲ್ಲೂ ಒದ್ದಾಟ.

ಇದೇ ಹುಡುಗಿಗೆ ಸಿ ಅಥವಾ ಬಿ ಮೈನಸ್ ಬಂದಿದ್ದರೆ ನಾನು ಬೇರೆ ಮಾತು ಹೇಳ್ತಿದ್ದೆ. ಆ ದುಡ್ಡು, ಆ ಬೇಸಿಗೆ ಎರಡನ್ನೂ ಮುಂದಿನ ಹಂತದ ಕೋರ್ಸಿಗೆ ಹಾಕಿ: ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಜೆನೆಟಿಕ್ಸ್. ಲೆಕ್ಕದಲ್ಲಿ ಎರಡೂ ಒಂದೇ, 4 ಕ್ರೆಡಿಟ್, 16 ಪಾಯಿಂಟ್. ಆದರೆ ಓದೋರ ಕಣ್ಣಿಗೆ ಒಂದೇ ಅಲ್ಲ. ಒಮ್ಮೆ ಕೇಳಿದ ಪಾಠದಲ್ಲಿ ಎರಡನೇ ಸಲ ಎ ಬಂತು ಅನ್ನೋದಕ್ಕೂ, ಕಷ್ಟದ ಹೊಸ ಪಾಠದಲ್ಲಿ ಮೊದಲ ಸಲವೇ ಎ ಬಂತು ಅನ್ನೋದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಮೆಡಿಕಲ್ ಕಾಲೇಜಿನಲ್ಲಿ ದಿನಾ ಬರೋದು ಎರಡನೇ ಥರದ್ದೇ.

ಓದೋರ ಕಣ್ಣು ಅಂದೆ. ಅವರಿಗೆ ಏನು ಕಾಣುತ್ತೆ ಅನ್ನೋದು ಮುಖ್ಯ. ಆಮ್‌ಕ್ಯಾಸ್ ಒಂದೇ ಒಂದು ಜಿಪಿಎ ಕಳಿಸಲ್ಲ, ಒಂದು ಪಟ್ಟಿಯನ್ನೇ ಕಳಿಸುತ್ತೆ. ಮೊದಲ ವರ್ಷ, ಎರಡನೇ ವರ್ಷ, ಮೂರು, ನಾಲ್ಕು ಅಂತ ಒಂದೊಂದಕ್ಕೂ ಬೇರೆ ಸಾಲು. ಅದರಲ್ಲೂ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಸೇರಿಸಿ ಸೈನ್ಸ್ ಜಿಪಿಎ ಒಂದು ಕಡೆ, ಉಳಿದ ವಿಷಯಗಳು ಇನ್ನೊಂದು ಕಡೆ. ಹಾಗಾಗಿ 3.5 ಇರೋ ಇಬ್ಬರು ಅಲ್ಲಿ ಒಂದೇ ಥರ ಕಾಣಲ್ಲ. ಒಬ್ಬರದ್ದು 3.0, 3.4, 3.7, 3.9 ಅಂತ ಮೆಟ್ಟಿಲು ಹತ್ತಿದೆ. ಇನ್ನೊಬ್ಬರದ್ದು ಅದೇ ಅಂಕಿಗಳು ತಲೆಕೆಳಗಾಗಿ. ಮೊದಲನೆಯವರ ಬಗ್ಗೆ ‘ಶುರುವಲ್ಲಿ ಒದ್ದಾಡಿದಾರೆ, ಆಮೇಲೆ ದಾರಿ ಹಿಡಿದಿದಾರೆ’ ಅಂತ ಅಂದ್ಕೋತಾರೆ. ಎರಡನೆಯವರ ಬಗ್ಗೆ ಏನು ಅಂದ್ಕೋತಾರೆ ನೀವೇ ಊಹಿಸಿ. ಕೊನೇ ವರ್ಷಗಳಿಗೆ ಹೆಚ್ಚು ತೂಕ ಕೊಡೋ ಕಾಲೇಜುಗಳೂ ಇವೆ. ಆದರೆ ಪಟ್ಟಿ ನೋಡೋ ಮುಂಚೆಯೇ ಒಂದು ಗೆರೆ ಎಳೆದು, ಅದಕ್ಕಿಂತ ಕೆಳಗಿನ ಅರ್ಜಿಗಳನ್ನ ಪಕ್ಕಕ್ಕಿಡೋ ಕಾಲೇಜುಗಳೂ ಇವೆ, ಅದನ್ನ ಮುಚ್ಚಿಡೋದು ಸರಿಯಲ್ಲ.

ಎಎಎಂಸಿ ಪ್ರತಿ ವರ್ಷ ಒಂದು ಕೋಷ್ಟಕ ಹಾಕುತ್ತೆ, ಯಾರು ಬೇಕಾದರೂ ನೋಡಬಹುದು. ಯಾವ ಜಿಪಿಎ, ಯಾವ ಎಂಕ್ಯಾಟ್ ಇದ್ದವರಲ್ಲಿ ಎಷ್ಟು ಮಂದಿಗೆ ಸೀಟು ಸಿಕ್ಕಿತು ಅಂತ. 3.8ರ ಮೇಲೆ ಜಿಪಿಎ, 517ರ ಮೇಲೆ ಎಂಕ್ಯಾಟ್ ಇದ್ದವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿಗೆ ಸಿಗುತ್ತೆ. ಅಂದ್ರೆ ಅಂಥವರಲ್ಲೂ ಇಬ್ಬರಿಗೆ ಎಲ್ಲೂ ಸಿಗಲ್ಲ! ಕೆಳಗಿನ ಸಾಲುಗಳಿಗೆ ಬನ್ನಿ, 3.2, 3.4 ಇದ್ದವರು. ಪ್ರಮಾಣ ಕಡಿಮೆ ಆಗ್ತಾ ಹೋಗುತ್ತೆ, ಸೊನ್ನೆ ಆಗಲ್ಲ. ಅದೇ ಸಾಲಿನಲ್ಲಿ ಎಂಕ್ಯಾಟ್ ಜಾಸ್ತಿ ಇದ್ದವರ ಕಡೆ ಕಣ್ಣು ಹಾಯಿಸಿದರೆ ಪ್ರಮಾಣ ಮತ್ತೆ ಏರುತ್ತೆ. ವರ್ಷಕ್ಕೆ ಸುಮಾರು 52 ಸಾವಿರ ಜನ ಅರ್ಜಿ ಹಾಕಿ, 23 ಸಾವಿರ ಜನ ಸೇರ್ತಾರೆ.

ಎಂಕ್ಯಾಟ್‌ನಲ್ಲೂ ನೀಟ್ ಥರ ಅಂದ್ಕೋಬೇಡಿ. ವರ್ಷಕ್ಕೆ ಮೂರು ಸಲ, ಎರಡು ವರ್ಷದಲ್ಲಿ ನಾಲ್ಕು ಸಲ, ಜೀವಮಾನದಲ್ಲಿ ಏಳು ಸಲ, ಅಷ್ಟೇ ಬರೆಯೋಕೆ ಬಿಡೋದು. ಹಳೇ ಅಂಕಗಳೂ ಕಾಲೇಜಿಗೆ ಕಾಣ್ತವೆ. ಕೆಲವರು ಹೆಚ್ಚಿನದ್ದನ್ನ ತಗೋತಾರೆ, ಕೆಲವರು ಇತ್ತೀಚಿನದ್ದನ್ನ, ಕೆಲವರು ಸರಾಸರಿ. ‘ಸುಮ್ನೆ ಒಂದ್ಸಲ ಬರೆದು ನೋಡೋಣ’ ಅನ್ನೋ ನಮ್ಮ ಅಭ್ಯಾಸ ಅಲ್ಲಿ ಕೈ ಸುಡುತ್ತೆ.

ಡಿಗ್ರಿ ಮುಗಿದ ಮೇಲೂ ಜಿಪಿಎ ಕಡಿಮೆನೇ ಇದೆ ಅನ್ನೋರಿಗೆ ಎರಡು ದಾರಿ. ಒಂದು ಪೋಸ್ಟ್‌ಬ್ಯಾಕ್, ಅಂದ್ರೆ ಡಿಗ್ರಿ ಆದ ಮೇಲೆ ಮತ್ತೆ ಡಿಗ್ರಿ ಮಟ್ಟದ ಸೈನ್ಸ್ ಕೋರ್ಸ್‌ಗಳನ್ನ ಮಾಡೋದು. ಇವು ಪಟ್ಟಿಯಲ್ಲಿ ಬೇರೆ ಸಾಲಾಗಿಯೂ ಕಾಣ್ತವೆ, ಒಟ್ಟು ಡಿಗ್ರಿ ಜಿಪಿಎಯನ್ನೂ ಮೇಲೆತ್ತುತ್ತವೆ. ಇನ್ನೊಂದು ಸ್ಪೆಷಲ್ ಮಾಸ್ಟರ್ಸ್. ಮೆಡಿಕಲ್ ಮೊದಲ ವರ್ಷದ ಮಟ್ಟದ ಪಾಠಗಳು, ಕೆಲವು ಕಡೆ ಮೆಡಿಕಲ್ ವಿದ್ಯಾರ್ಥಿಗಳ ಜೊತೆಗೇ ಕೂತು. ಇದು ಮಾಸ್ಟರ್ಸ್ ಆದ್ದರಿಂದ ಇದರ ಜಿಪಿಎ ಬೇರೆಯೇ ಇರುತ್ತೆ, ಹಳೇ ಡಿಗ್ರಿ ಜಿಪಿಎ ಒಂದು ಚೂರೂ ಅಲುಗಾಡಲ್ಲ. ಸೇರೋ ಮುಂಚೆ ಇದನ್ನ ತಿಳ್ಕೊಳ್ಳಿ, ಯಾಕಂದ್ರೆ ಇದಕ್ಕೆ ಸಾವಿರಾರು ಡಾಲರ್ ಸಾಲ ಆಗುತ್ತೆ. ಅಲ್ಲೂ ಗ್ರೇಡ್ ಕೆಟ್ಟರೆ ‘ಇವರಿಗೆ ಮೆಡಿಕಲ್ ಆಗಲ್ಲ’ ಅನ್ನೋದಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ. ಬಯಾಲಜಿ ಬೇಸಿಕ್ ಗಟ್ಟಿ ಇದ್ದು ನಂಬರ್ ಮಾತ್ರ ಸೋತಿದೆ ಅನ್ನೋರಿಗೆ ಸ್ಪೆಷಲ್ ಮಾಸ್ಟರ್ಸ್, ಬೇಸಿಕ್ಕೇ ಅಲುಗಾಡ್ತಿದೆ ಅನ್ನೋರಿಗೆ ಪೋಸ್ಟ್‌ಬ್ಯಾಕ್. ಇದು ನನ್ನ ಅಭಿಪ್ರಾಯ.

ಮೂರನೇ ದಾರಿ ಅಂತ ಕೆರಿಬಿಯನ್ ದ್ವೀಪಗಳ ಕಾಲೇಜುಗಳ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತೆ. ಕಡಿಮೆ ಗ್ರೇಡ್ ಇದ್ದರೂ ಸೇರಿಸ್ಕೋತಾರೆ, ನಿಜ. ಆದರೆ 2024ರಲ್ಲಿ ಅಮೆರಿಕದ ಎಂ.ಡಿ. ಕಾಲೇಜಿನ ಕೊನೇ ವರ್ಷದವರಲ್ಲಿ ನೂರಕ್ಕೆ 93 ಮಂದಿಗೆ ಟ್ರೇನಿಂಗ್ ಸೀಟು ಸಿಕ್ಕಿತು, ಡಿ.ಓ.ದವರಲ್ಲಿ 92 ಮಂದಿಗೆ. ವಿದೇಶದಲ್ಲಿ ಮೆಡಿಕಲ್ ಓದಿ ಬಂದ ಅಮೆರಿಕನ್ ನಾಗರಿಕರಲ್ಲಿ 67 ಮಂದಿಗೆ. ಈ ಟ್ರೇನಿಂಗ್ ಸೀಟು, ಅಂದ್ರೆ ರೆಸಿಡೆನ್ಸಿ, ಸಿಗದಿದ್ದರೆ ಅಲ್ಲಿ ಪ್ರಾಕ್ಟೀಸ್ ಮಾಡೋ ಹಾಗಿಲ್ಲ. ಕೈಯಲ್ಲಿ ಡಿಗ್ರಿ, ತಲೆ ಮೇಲೆ ಸಾಲ.

ನಮ್ಮ ಕನ್ನಡದ ಮನೆಗಳಿಗೆ ಅಂತಲೇ ಎರಡು ಮಾತು ಇವೆ. ಬೆಂಗಳೂರಲ್ಲೋ ಮೈಸೂರಲ್ಲೋ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಹೋಗಿ, ಈಗ ಮೆಡಿಕಲ್ ಮಾಡ್ಬೇಕು ಅನ್ನೋರು ಕೆಲವರು ಬರೀತಾರೆ. ಭಾರತದ ಮಾರ್ಕ್ಸ್ ಆಮ್‌ಕ್ಯಾಸ್ ಜಿಪಿಎಗೆ ಸೇರಲ್ಲ, ಒಳ್ಳೇದೂ ಸೇರಲ್ಲ, ಕೆಟ್ಟದ್ದೂ ಸೇರಲ್ಲ. ಬಹಳಷ್ಟು ಕಾಲೇಜುಗಳು ಅಮೆರಿಕದಲ್ಲೇ ಓದಿದ ಇಷ್ಟು ಕೋರ್ಸ್ ಬೇಕು ಅಂತ ಕೇಳೋದರಿಂದ, ಅಲ್ಲಿನ ಕಾಲೇಜಿನಲ್ಲಿ ಕೂತು ಹೊಸ ದಾಖಲೆ ಕಟ್ಟಬೇಕಾಗುತ್ತೆ.

ಎರಡನೇದು ವೀಸಾ. ಅಪ್ಪ ಅಥವಾ ಅಮ್ಮನ ಎಚ್-1ಬಿ ಮೇಲೆ ಎಚ್-4ನಲ್ಲಿ ಬೆಳೆದ ಮಕ್ಕಳಿಗೆ 21 ತುಂಬಿದರೆ ಆ ವೀಸಾ ಮುಗಿಯುತ್ತೆ. ಬಹಳಷ್ಟು ಮೆಡಿಕಲ್ ಕಾಲೇಜುಗಳು ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿಯನ್ನೇ ತಗೊಳ್ಳಲ್ಲ. ಸರ್ಕಾರದ ವಿದ್ಯಾರ್ಥಿ ಸಾಲವೂ ಸಿಗಲ್ಲ. ಇಂಥ ಮನೆಯ ಮಗುವಿಗೆ ಆಯ್ಕೆ ಮಾಡ್ಕೊಳ್ಳೋ ಕಾಲೇಜುಗಳೇ ಕಡಿಮೆ, ಹಾಗಾಗಿ ಒಂದು ಸಿ ಮೈನಸ್ ಪಕ್ಕದ ಮನೆಯ ಹುಡುಗನಿಗಿಂತ ಹೆಚ್ಚು ಭಾರ ಆಗುತ್ತೆ. ಇದು ನ್ಯಾಯನಾ ಅಂದ್ರೆ, ಅಲ್ಲ.

ಇನ್ನು ಅರ್ಜಿಯಲ್ಲಿ ಇದರ ಬಗ್ಗೆ ಬರೀಬೇಕಾ? ಆಮ್‌ಕ್ಯಾಸ್ ಪ್ರಬಂಧಕ್ಕೆ ಸಿಗೋದು 5,300 ಅಕ್ಷರ, ಖಾಲಿ ಜಾಗವೂ ಸೇರಿ. ಒಂದು ಸಿ ಮೈನಸ್‌ಗೆ ಅದರಲ್ಲಿ ಜಾಗ ಕೊಡಬೇಡಿ. ಒಂದಿಡೀ ವರ್ಷ ಕೆಟ್ಟಿದ್ದು, ಅದಕ್ಕೆ ಅಪ್ಪನ ಕಾಯಿಲೆನೋ, ದಿನಾ ರಾತ್ರಿ ಕೆಲಸಕ್ಕೆ ಹೋಗಿದ್ದೋ ಕಾರಣ ಇದ್ದರೆ ಎರಡು ಮೂರು ಸಾಲಿನಲ್ಲಿ ಹೇಳಿ, ಆಮೇಲೆ ಏನು ಬದಲಾಯಿಸಿಕೊಂಡ್ರಿ ಅನ್ನೋದನ್ನೂ ಸೇರಿಸಿ. ಮೇಷ್ಟ್ರು ಸರಿ ಇರಲಿಲ್ಲ ಅಂತ ಮಾತ್ರ ಬರೀಬೇಡಿ.

ನ್ಯೂಜೆರ್ಸಿಯ ನಮ್ಮ ಹುಡುಗಿಗೆ: ಬೇಸಿಗೆ ಕ್ಲಾಸಿಗೆ ಕಟ್ಟಿ, ಆ ಕ್ಲಾಸ್ ನಡೀತಿರೋವಾಗ ಬೇರೇನೂ ಇಟ್ಕೋಬೇಡಿ. ಅದಕ್ಕೂ ಮುಂಚೆ, ಮೊದಲ ಸಲ ಯಾಕೆ ಕೆಟ್ಟಿತು ಅಂತ ಕಾಲೇಜಿನ ಪ್ರಿ-ಮೆಡ್ ಅಡ್ವೈಸರ್ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಎರಡನೇ ಸಲವೂ ಸಿ ಬಂದರೆ ಪಟ್ಟಿಯಲ್ಲಿ ಎರಡೂ ಕೂರ್ತವೆ. ಮುಂದಿನ ವರ್ಷದ ಬಯೋಕೆಮಿಸ್ಟ್ರಿ ಗ್ರೇಡ್ ಇದಕ್ಕಿಂತ ಹೆಚ್ಚು ಮಾತಾಡುತ್ತೆ. ಕಾಲೇಜಿನ ಪೋರ್ಟಲ್‌ನಲ್ಲಿ ಕಾಣೋ ಜಿಪಿಎ ನಂಬಬೇಡಿ, ಒಂದು ಶೀಟ್ ತೆರೆದು ಎರಡೂ ಗ್ರೇಡ್ ಸೇರಿಸಿ ನೀವೇ ಲೆಕ್ಕ ಇಟ್ಕೊಳ್ಳಿ. ಅಪ್ಪ ಅಮ್ಮಂಗೆ ಈ ವಾರವೇ ಹೇಳಿಬಿಡಿ. ಹೇಗಿದ್ದರೂ ಬೇಸಿಗೆಯ ಫೀಸಿಗೆ ಅವರನ್ನೇ ಕೇಳಬೇಕಲ್ಲ. ದೊಡ್ಡಪ್ಪಂಗೆ ಈ ಸಂಚಿಕೆ ಫಾರ್ವರ್ಡ್ ಮಾಡಿ, ‘ಕಟ್ಟಮ್ಮ ಅಂದಿದ್ದು ಸರಿ ದೊಡ್ಡಪ್ಪ, ಹಳೇದನ್ನ ಯಾರೂ ನೋಡಲ್ಲ ಅಂದಿದ್ದು ಮಾತ್ರ ಇಲ್ಲಿ ನಡೆಯಲ್ಲ’ ಅಂತ ಹೇಳಿ.

ನಿಮ್ಮ ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದ ಒಳಗಿರಲಿ. ಮುಂದಿನ ವಾರ ಸಿಗೋಣ.